ಹಳೇಪೇಟೆಯ ಗೋಡೆಯಲ್ಲಿ ನಮ್ಮ ಬಾಕಿ ಕೂಲಿ

ನನ್ನ ಅಜ್ಜಿ ಸುಣ್ಣ ಸುಡುತ್ತಿದ್ದಳು. ಹೊಳೆ ಇಳಿದ ಹೊತ್ತಿಗೆ ಕಾಗಾಲದ ನಮ್ಮ ಕೇರಿಯ ಹೆಂಗಸರು ಅಘನಾಶಿನಿಯ ಕೆಸರಿಗೆ ಇಳಿದು ಬಳಚು ಹೆಕ್ಕುತ್ತಿದ್ದರು. ಒಳಗಿನ ಮಾಂಸ ಮನೆಗೆ, ಚಿಪ್ಪು ಗೂಡಿಗೆ. ಒಂದು ಪದರ ಕಟ್ಟಿಗೆ, ಒಂದು ಪದರ ಚಿಪ್ಪು ಇಟ್ಟು ರಾತ್ರಿಯಿಡೀ ಸುಟ್ಟು, ಬೆಳಿಗ್ಗೆ ಬೆಂದ ಚಿಪ್ಪನ್ನು ಬುಟ್ಟಿಗೆ ತುಂಬಿ ತಲೆಮೇಲೆ ಹೊತ್ತು ಪೇಟೆಗೆ ನಡೆಯುತ್ತಿದ್ದರು. ಆ ಧೂಳಿಗೆ ಅಜ್ಜಿಯ ಒಂದು ಕಣ್ಣು ಮಂಜಾಯಿತು. ಅಂಗೈಯ ಗೆರೆಗಳೆಲ್ಲ ಅಳಿಸಿಹೋದವು. ಕೈ ನೋಡಿ ಭವಿಷ್ಯ ಹೇಳುವವನು ಬಂದಿದ್ದರೆ ಹೇಳಲಿಕ್ಕೆ ಏನೂ ಇರಲಿಲ್ಲ ಬಿಡಿ.

ಪೇಟೆಯಲ್ಲಿ ಅವಳು ನಿಲ್ಲಬೇಕಾದದ್ದು ಬೀದಿಯಲ್ಲಿ. ಜಗಲಿ ಹತ್ತುವ ಹಾಗಿಲ್ಲ. ಬುಟ್ಟಿ ಇಳಿಸಿ ದೂರ ಸರಿಯಬೇಕು. ನಮ್ಮವರು ತಂದ ಬೇರೆ ಸಾಮಾನಿಗಾದರೆ ನೀರು ಚಿಮುಕಿಸಿ ಶುದ್ಧ ಮಾಡಿ ಒಳಗೆ ಒಯ್ಯುತ್ತಿದ್ದರಂತೆ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಅದು ಬುಸುಗುಟ್ಟಿ ಸಿಡಿಯುತ್ತದೆ. ಹಾಗಾಗಿ ಮೈಲಿಗೆಯ ಕಾನೂನಿನಿಂದ ಸುಣ್ಣಕ್ಕೆ ಮಾತ್ರ ವಿನಾಯಿತಿ! ಹೊಳೆಯ ಹೆಸರು ನೋಡಿದರೆ ಪಾಪ ನಾಶ ಮಾಡುವವಳು. ಅದೇ ಹೊಳೆಯಲ್ಲಿ ಜನ್ಮವೆಲ್ಲ ಸೊಂಟದ ತನಕ ಮುಳುಗಿ ನಿಂತ ನನ್ನ ಅಜ್ಜಿಯ ಮೈಲಿಗೆ ಮಾತ್ರ ತೊಳೆದುಹೋಗಲಿಲ್ಲ.

ಒಂದು ದಿನ ಕೇಳಿದೆ: "ಅಜ್ಜಿ, ನೀ ಸುಣ್ಣ ಕೊಟ್ಟ ಮನೆ ಒಳಗೆ ಹೆಂಗಿತ್ತು?"

"ನಂಗೆಂತ ಗೊತ್ತು ತಮಾ? ಸುಣ್ಣ ಒಳಗೆ ಹೋಗ್ತಿತ್ತು. ನಾ ಹೊರಗೇ ನಿಲ್ತಿದ್ದೆ."

ನಾನು ಬಿ.ಎ.ಯಲ್ಲಿ ಮೂರು ವರ್ಷ ಇತಿಹಾಸ ಓದಿದವನು. ವಿಜಯನಗರ ಬಂತು, ಬಹಮನಿ ಬಂತು, ಪೋರ್ಚುಗೀಸರು ಬಂದರು. ಪರೀಕ್ಷೆಗೆ ಎಲ್ಲವನ್ನೂ ಉರು ಹೊಡೆದೆ. ಆದರೆ ಅಜ್ಜಿಯ ಈ ಒಂದು ಮಾತಿನಲ್ಲಿ ಇದ್ದಷ್ಟು ಇತಿಹಾಸ ಆ ಪುಸ್ತಕಗಳಲ್ಲಿ ಸಿಗಲಿಲ್ಲ. ಇದು ನನಗೆ ತಿಳಿದದ್ದು ಕ್ಲಾಸಿನಲ್ಲಿ ಅಲ್ಲ, ಭಟ್ಕಳದ ಹಳೇಪೇಟೆಯಲ್ಲಿ.

ಹಾಸ್ಟೆಲಿನ ಇಬ್ಬರು ಗೆಳೆಯರ ಜೊತೆ ಕುಮಟೆಯಲ್ಲಿ ಬಸ್ಸು ಹತ್ತಿ, ಹೊನ್ನಾವರದ ಶರಾವತಿ ಸೇತುವೆ ದಾಟಿ, ಮುರ್ಡೇಶ್ವರ, ಶಿರಾಲಿ ಕಳೆದು ಭಟ್ಕಳಕ್ಕೆ ಹೋದೆವು. ನಮ್ಮ ಮೂರು ತಾಲೂಕಿನಲ್ಲಿ ಹಳೇ ಪಟ್ಟಣ ಅಂದರೆ ಅದೇ. ಪೇಟೆಯ ನಡುವೆ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಇದೆ. ಕಲ್ಲಿನ ಮಾಡು ನಮ್ಮ ಮಳೆಗಾಲದ ಮನೆಗಳ ಮಾಡಿನ ಹಾಗೆ ಇಳಿಜಾರಾಗಿದೆ. ಅತ್ತ ಮೂಡಭಟ್ಕಳದಲ್ಲಿ ಖೇತಪೈ ನಾರಾಯಣ ದೇವಸ್ಥಾನ, ಅದರ ಹೊರಗೋಡೆಯಲ್ಲಿ ರಾಮಾಯಣದ ಚಿತ್ರಗಳು. ಇವೆರಡೂ 16ನೇ ಶತಮಾನದವು. ಜನ 'ಚಿನ್ನದ ಪಳ್ಳಿ' ಎಂದು ಕರೆಯುವ ಜಾಮಿಯಾ ಮಸೀದಿ ಇದೆ. ನವಾಯತರ ಹಳೇ ಮನೆಗಳ ಓಣಿಗಳಿವೆ. ಒಂದಕ್ಕೊಂದು ಆತುಕೊಂಡ ಆ ಮನೆಗಳ ನಡುವೆ ನಡೆದರೆ ನಡುಮಧ್ಯಾಹ್ನದಲ್ಲೂ ತಂಪು.

ಚೆನ್ನಾಗಿದೆ. ಚೆನ್ನಾಗಿದೆ ಅಂತ ಹೇಳಲಿಕ್ಕೆ ನನಗೆ ನಾಚಿಕೆ ಇಲ್ಲ.

ಒಂದು ಕಡೆ ಗಾರೆ ಉದುರಿ ಒಳಗಿನ ಚಿರೆಕಲ್ಲು ಕಾಣುತ್ತಿತ್ತು. ಉದುರಿದ ಗಾರೆಯ ಚೂರು ಕೈಗೆ ತಗೊಂಡೆ. ಅದರಲ್ಲಿ ಒಂದು ಚಿಪ್ಪಿನ ಚೂರು. ಸರಿಯಾಗಿ ಬೇಯದೆ ಉಳಿದದ್ದು, ಉಗುರಿನಷ್ಟು. ನಮ್ಮ ಹೊಳೆಯ ಚಿಪ್ಪೇ ಭಟ್ಕಳಕ್ಕೆ ಬಂತು ಎಂದು ನಾನು ವಾದ ಮಾಡುವುದಿಲ್ಲ. ಕರಾವಳಿಯಲ್ಲಿ ಹೊಳೆ ಎಷ್ಟೋ, ಚಿಪ್ಪು ಹೆಕ್ಕುವ ಕೈಯೂ ಅಷ್ಟೇ. ಆದರೆ ಚಿಪ್ಪಿನ ಸುಣ್ಣ ಹೋದ ಕಡೆಯೆಲ್ಲ ಅದನ್ನು ಹೆಕ್ಕಿ, ಸುಟ್ಟು, ಹೊತ್ತ ಒಬ್ಬಳು ಇದ್ದೇ ಇದ್ದಳು. ಅವಳ ಹೆಸರು ಯಾವ ಶಾಸನದಲ್ಲಿದೆ? ಬಸದಿ ಕಟ್ಟಿಸಿದವ ಜಟ್ಟಪ್ಪ ನಾಯಕ. ದೇವಸ್ಥಾನ ಕಟ್ಟಿಸಿದವ ಖೇತಪೈ. ಈ 'ಕಟ್ಟಿಸಿದ' ಎನ್ನುವ ಕ್ರಿಯಾಪದವನ್ನು ಸ್ವಲ್ಪ ನೋಡಿ. ನಮ್ಮ ಭಾಷೆ ಪ್ರಾಮಾಣಿಕವಾಗಿದೆ. ಕಟ್ಟಿಸಿದವನು ಬೇರೆ, ಕಟ್ಟಿದವನು ಬೇರೆ ಎಂದು ಅದು ಮೊದಲೇ ಒಪ್ಪಿಕೊಂಡಿದೆ. ಇತಿಹಾಸ ಬರೆದವರು ಮಾತ್ರ ಕಟ್ಟಿಸಿದವನನ್ನು ಇಟ್ಟುಕೊಂಡು ಕಟ್ಟಿದವನನ್ನು ಕೈಬಿಟ್ಟರು.

ವಾಪಸು ಬಂದು ಪುಸ್ತಕ ಹುಡುಕಿದೆ. 1516ರ ಸುಮಾರಿಗೆ ದುವಾರ್ತೆ ಬಾರ್ಬೋಸಾ ಎಂಬ ಪೋರ್ಚುಗೀಸ ಭಟ್ಕಳದ ಬಂದರಿನ ಬಗ್ಗೆ ಬರೆದಿದ್ದಾನೆ. ಇಲ್ಲಿಂದ ಅಕ್ಕಿ ಹೋಗುತ್ತಿತ್ತು, ಸಕ್ಕರೆ ಹೋಗುತ್ತಿತ್ತು, ಕಬ್ಬಿಣ ಹೋಗುತ್ತಿತ್ತು. ಆ ಕಡೆಯಿಂದ ವಿಜಯನಗರದ ಸೈನ್ಯಕ್ಕೆ ಕುದುರೆಗಳು ಬಂದಿಳಿಯುತ್ತಿದ್ದವು. 1542ರಲ್ಲಿ ಪೋರ್ಚುಗೀಸರು ಈ ಪಟ್ಟಣವನ್ನು ಸುಟ್ಟು ಸೂರೆ ಮಾಡಿದರು. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಕುದುರೆ ವ್ಯಾಪಾರವೂ ಸೊರಗಿತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ರಾಣಿ ಸರಿ. ಮೆಣಸಿನ ಬಳ್ಳಿ ಹತ್ತಿದವರು ಯಾರು? ಘಟ್ಟದಿಂದ ಮೂಟೆ ಇಳಿಸಿದವರು ಯಾರು? ಹಡಗಿಗೆ ಅಕ್ಕಿ ಹೋಯಿತು ಅಂದರೆ ಯಾರೋ ಗದ್ದೆಯಲ್ಲಿ ಬಗ್ಗಿದ್ದಾರೆ, ಬಗ್ಗಿದವರು ತಿನ್ನದೆ ಉಳಿಸಿದ್ದಾರೆ ಅಂತಲೇ ಅರ್ಥ. ಹಡಗಿನ ಲೆಕ್ಕ ಸಿಗುತ್ತದೆ, ಬೆನ್ನಿನ ಲೆಕ್ಕ ಸಿಗುವುದಿಲ್ಲ.

ನಮ್ಮವರ ಹೆಸರು ಎಲ್ಲೂ ಇಲ್ಲವೇ ಅಂದರೆ, ಇದೆ. 1883ರಲ್ಲಿ ಬ್ರಿಟಿಷರು ಮುಂಬೈ ಪ್ರಾಂತ್ಯದ ಗೆಜೆಟಿಯರಿನಲ್ಲಿ ಕೆನರಾ ಜಿಲ್ಲೆಯ ಸಂಪುಟವನ್ನು ಎರಡು ಭಾಗದಲ್ಲಿ ಅಚ್ಚು ಹಾಕಿಸಿದರು. ಮೊದಲ ಭಾಗದಲ್ಲಿ ಜನಸಂಖ್ಯೆಯ ಅಧ್ಯಾಯ. ಅಲ್ಲಿ ಆಗೇರರು ಇದ್ದಾರೆ, ಮುಕ್ರಿಗಳು ಇದ್ದಾರೆ, ಹಳ್ಳೇರರು ಇದ್ದಾರೆ. ನಮ್ಮ ಬಣ್ಣ, ಬಟ್ಟೆ, ಊಟ, ಕುಡಿತ, ಮದುವೆ, ಸಾವು ಎಲ್ಲ ದನದ ಜಾತ್ರೆಯಲ್ಲಿ ಹಲ್ಲು ನೋಡಿದ ಹಾಗೆ ಬರೆದಿದ್ದಾರೆ. ಎರಡನೇ ಭಾಗದಲ್ಲಿ ಸ್ಥಳಗಳ ಅಧ್ಯಾಯ. ಅಲ್ಲಿ ಭಟ್ಕಳದ ಬಸದಿಗಳು, ದೇವಸ್ಥಾನಗಳು, ಮಸೀದಿಗಳು. ಗೆಳೆಯರೇ, ಈ ಎರಡು ಭಾಗಗಳ ನಡುವಿನ ರಟ್ಟೇ ನಮ್ಮ ಊರಿಗೂ ಕೇರಿಗೂ ನಡುವಿನ ಬೇಲಿ. ನಾವು ಜಾತಿಯ ಪುಟದಲ್ಲಿದ್ದೇವೆ, ಕಟ್ಟಡಗಳು ಸ್ಥಳದ ಪುಟದಲ್ಲಿವೆ. ಆ ಜಾತಿಯವರ ದುಡಿಮೆ ಈ ಗೋಡೆಗಳಲ್ಲಿದೆ ಎಂದು ಎರಡು ಪುಟವನ್ನೂ ಜೋಡಿಸಿ ಹೊಲಿದವರಿಲ್ಲ. ಆ ಸೂಜಿ ದಾರ ಈಗ ನಮ್ಮ ಕೈಗೆ ಬರಬೇಕು.

ಪೇಟೆಯ ನಡುವಿನ ಬೀದಿ, ಬಾವಿ, ಕೆರೆ ನಮಗೆ ಸೇರಬೇಕು ಎನ್ನುವುದು ನಿನ್ನೆಯ ಮಾತಲ್ಲ. ನಮ್ಮ ಜಿಲ್ಲೆ 1862ರಿಂದ 1956ರ ತನಕ ಮುಂಬೈ ಆಡಳಿತದಲ್ಲಿತ್ತು. ಅದೇ ಮುಂಬೈ ಶಾಸನಸಭೆಯಲ್ಲಿ 1923ರಲ್ಲಿ ಬೋಲೆಯವರ ಠರಾವು ಪಾಸಾಯಿತು. ಸರಕಾರಿ ಹಣದಲ್ಲಿ ನಡೆಯುವ ಕೆರೆ, ಬಾವಿ, ಧರ್ಮಶಾಲೆಗಳನ್ನು ಅಸ್ಪೃಶ್ಯರು ಬಳಸಬಹುದು ಎಂದು ಅದು ಹೇಳಿತು. ಆ ಠರಾವನ್ನು ಕಾಗದದಿಂದ ಇಳಿಸಿ ನೀರಿಗೆ ತಂದವರು ಬಾಬಾಸಾಹೇಬರು. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಸಾವಿರಾರು ಜನರೊಂದಿಗೆ ನೀರು ಕುಡಿದರು. ಮಹಾಡ ನಮಗೆ ಪರದೇಶವಲ್ಲ. ಇದೇ ಪಡುವಣ ಕಡಲ ಸೀಮೆ, ಆವತ್ತು ಇದೇ ಸರಕಾರ. ಆ ಕೆರೆ ಇದ್ದದ್ದೂ ಒಂದು ಹಳೇ ಪಟ್ಟಣದೊಳಗೆ, ಸವರ್ಣರ ಮನೆಗಳ ನಡುವೆಯೇ. ನೀರು ಕುಡಿದದ್ದಕ್ಕೆ ಸವರ್ಣರು ಹೊಡೆದರು. ಆಮೇಲೆ ಕೆರೆಯನ್ನು ಶುದ್ಧಿ ಮಾಡಿದರು. ಹತ್ತು ವರ್ಷ ಕೋರ್ಟಿನಲ್ಲಿ ಕಾದು 1937ರಲ್ಲಿ ಮುಂಬೈ ಹೈಕೋರ್ಟಿನ ತೀರ್ಪು ನಮ್ಮ ಪರ ಬಂತು. ಬಾಬಾಸಾಹೇಬರಿಗೆ ಬಾಯಾರಿಕೆ ಆಗಿತ್ತು ಅಂತ ಅಲ್ಲಿಗೆ ಹೋದದ್ದಲ್ಲ. ಪಟ್ಟಣದ ನಡುವೆ ನಿಲ್ಲುವ ಹಕ್ಕು ನಮ್ಮದೂ ಹೌದು ಎಂದು ಹೇಳಲಿಕ್ಕೆ ಹೋದದ್ದು.

ಈಗ ಭಟ್ಕಳದ ಇನ್ನೊಂದು ಕತೆಗೆ ಬರುತ್ತೇನೆ. 1993ರಲ್ಲಿ ಅಲ್ಲಿ ಕೋಮುಗಲಭೆ ಆಯಿತು. ಹೆಣ ಬಿದ್ದವು, ಮನೆ ಅಂಗಡಿ ಸುಟ್ಟವು. ಆವತ್ತಿನಿಂದ ಈವತ್ತಿನ ತನಕ ಆ ಪೇಟೆಯ ಬಗ್ಗೆ ಒಂದೇ ಪ್ರಶ್ನೆ: ಇದು ಹಿಂದೂಗಳದೋ, ಮುಸ್ಲಿಮರದೋ? ಭಾಷಣ ಮಾಡುವವರು ನಮ್ಮ ಹುಡುಗರ ಹೆಗಲ ಮೇಲೆ ಕೈ ಹಾಕಿ, "ನೀವೂ ನಮ್ಮವರೇ, ಬನ್ನಿ" ಎನ್ನುತ್ತಾರೆ. ಕಲ್ಲು ಹೊರಲು ಕರೆದವರೇ ಈಗ ಕಲ್ಲು ಹೊಡೆಯಲೂ ಕರೆಯುತ್ತಿದ್ದಾರೆ. ತಮ್ಮಂದಿರೇ, ಹೋಗುವ ಮೊದಲು ಅಜ್ಜಿಯ ಮಾತು ನೆನಪು ಮಾಡಿಕೊಳ್ಳಿ. ಸುಣ್ಣಕ್ಕೆ ಬಸದಿ, ಗುಡಿ, ಪಳ್ಳಿ ಎಂಬ ಭೇದ ಇರಲಿಲ್ಲ. ಯಾರು ದುಡ್ಡು ಕೊಟ್ಟರೆ ಅವರ ಗೋಡೆಗೆ. ಅದನ್ನು ಹೊತ್ತವರ ಹೆಸರು ಒಂದು ಗೋಡೆಯಲ್ಲೂ ಇಲ್ಲ. ಎಲ್ಲ ಗೋಡೆಗಳಿಂದಲೂ ಕೂಲಿ ಬಾಕಿ ಇರುವವನು ಒಂದು ಗೋಡೆಯ ಪರವಾಗಿ ಇನ್ನೊಂದನ್ನು ಒಡೆಯಲು ಹೋದರೆ ಅವನಿಗೆ ಸಿಗುವುದು ಪೊಲೀಸ್ ಕೇಸು, ಅಷ್ಟೇ.

ಹಾಸ್ಟೆಲಿನಲ್ಲಿ ಇದನ್ನು ಹೇಳಿದಾಗ ಒಬ್ಬ ಗೆಳೆಯ ಸಿಟ್ಟಾದ. "ನಮ್ಮನ್ನು ಹೊರಗೆ ನಿಲ್ಲಿಸಿದ ಕಲ್ಲುಗಳು ಬಿದ್ದುಹೋದರೆ ಹೋಗಲಿ ಮಾರಾಯ. ಅದನ್ನು ಉಳಿಸು ಅಂತ ನಾವು ಯಾಕೆ ಕೂಗಬೇಕು? ನಮಗೆ ಬೇಕಾದದ್ದು ಜಮೀನು, ನೌಕರಿ, ಸ್ಕಾಲರ್‌ಶಿಪ್ಪು" ಅಂದ. ಅವನ ಸಿಟ್ಟು ನನಗೂ ಗೊತ್ತು. ನನ್ನ ಮೊದಲ ಪದ್ಯಗಳಲ್ಲಿ ನಾನೂ ಎಷ್ಟೋ ಗುಡಿ ಕೆಡವಿದ್ದೇನೆ. ಪದ್ಯದಲ್ಲಿ ಕೆಡವಿದ ಗುಡಿ ಮರುದಿನ ಬೆಳಿಗ್ಗೆ ಅಲ್ಲೇ ನಿಂತಿರುತ್ತದೆ, ಗಂಟೆ ಬಾರಿಸುತ್ತಿರುತ್ತದೆ.

ಅವನಿಗೆ ನಾನು ಹೇಳಿದ್ದು ಇಷ್ಟು. ನಿನ್ನ ಅಪ್ಪ ಒಬ್ಬ ಒಡೆಯನ ಹತ್ತಿರ ಇಪ್ಪತ್ತು ವರ್ಷ ಜೀತ ಮಾಡಿದ, ಕೂಲಿ ಕೊಡಲಿಲ್ಲ ಅಂತ ಇಟ್ಟುಕೋ. ಆ ಲೆಕ್ಕದ ಒಂದು ಚೀಟಿ ನಿನ್ನ ಕೈಗೆ ಸಿಕ್ಕಿದೆ. ಒಡೆಯನ ಮೇಲಿನ ಸಿಟ್ಟಿಗೆ ಚೀಟಿ ಹರಿದು ಬಿಸಾಡ್ತೀಯಾ? ಜೋಪಾನವಾಗಿ ಇಟ್ಟುಕೊಂಡು ಒಂದು ದಿನ ಅವನ ಮುಂದೆ ಹಿಡೀತೀಯಾ? ಈ ಹಳೇಪೇಟೆಗಳೆಲ್ಲ ನಮ್ಮ ಬಾಕಿ ಕೂಲಿಯ ಚೀಟಿಗಳು. ಶಾಸನದಲ್ಲಿ ನಮ್ಮ ಹೆಸರಿಲ್ಲದೆ ಇರಬಹುದು, ಗಾರೆಯಲ್ಲಿ ನಮ್ಮ ಚಿಪ್ಪಿದೆ. ಗೋಡೆ ಬಿದ್ದರೆ ಸಾಕ್ಷಿಯೂ ಬಿತ್ತು. ಆಮೇಲೆ, "ನೀವು ಏನು ಮಾಡಿದ್ದೀರಿ ಈ ನಾಡಿಗೆ?" ಅಂತ ಕೇಳುವವನಿಗೆ ತೋರಿಸಲು ನಮ್ಮ ಹತ್ತಿರ ಏನಿರುತ್ತದೆ?

ಬಾಬಾಸಾಹೇಬರು ಕರಡು ಮಾಡಿದ ಸಂವಿಧಾನದಲ್ಲಿ ಅಸ್ಪೃಶ್ಯತೆ ಅಳಿಸುವ 17ನೇ ವಿಧಿಯೂ ಇದೆ, ರಾಷ್ಟ್ರೀಯ ಮಹತ್ವದ ಸ್ಮಾರಕಗಳನ್ನು ಸರಕಾರ ಕಾಪಾಡಬೇಕು ಎನ್ನುವ 49ನೇ ವಿಧಿಯೂ ಇದೆ. ಎರಡೂ ಒಂದೇ ಪುಸ್ತಕ. ಸರಕಾರಕ್ಕೆ ಮಾತ್ರ ಎರಡನೆಯದು ಬೇಗ ನೆನಪಾಗುತ್ತದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2010ರ ತಿದ್ದುಪಡಿಯ ಪ್ರಕಾರ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ. ಅದೇ ಹೊತ್ತಿಗೆ, ಗುಡಿಯ ಬಾಗಿಲಲ್ಲಿ ಅಸ್ಪೃಶ್ಯನೆಂದು ಒಬ್ಬನನ್ನು ತಡೆದರೆ 1955ರ ಕಾಯ್ದೆಯಲ್ಲಿ ಆರು ತಿಂಗಳ ತನಕ ಜೈಲು. ಕಲ್ಲಿಗೆ ಎರಡು ವರ್ಷ, ಮನುಷ್ಯನಿಗೆ ಆರು ತಿಂಗಳು! ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂದ ಮೇಲೆ, ದೇವಸ್ಥಾನಕ್ಕೆ ಹೋಗದಂತೆ ತಡೆದರೆ ಐದು ವರ್ಷದ ತನಕ ಶಿಕ್ಷೆ ಎಂದಾಯಿತು. ಕಲ್ಲಿಗಿಂತ ಮನುಷ್ಯನ ತೂಕ ಹೆಚ್ಚಾಗಲು ಅಷ್ಟು ಕಾಲ ಬೇಕಾಯಿತು, ಅದೂ ಕಾಗದದ ಮೇಲೆ.

ಕಾಪಾಡುವ ಕಾನೂನಿಗೆ ಇನ್ನೊಂದು ಮುಖವಿದೆ. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆ ಮತ್ತೆ 200 ಮೀಟರಿನ ತನಕ ಅನುಮತಿ ಬೇಕು. ಇದ್ದ ಮನೆಯ ರಿಪೇರಿಗೂ ಅರ್ಜಿ ಹಾಕಬೇಕು. ಕಾನೂನು ಎಲ್ಲರಿಗೂ ಒಂದೇ ಅನ್ನುತ್ತಾರೆ. ಆದರೆ ಅರ್ಜಿಗೆ ದಾಖಲೆ ಬೇಕಲ್ಲ? ಅಜ್ಜನ ಕಾಲದ ಪತ್ರ ಇರುವವನು ಅರ್ಜಿ ಹಾಕುತ್ತಾನೆ. ಹಕ್ಕುಪತ್ರವೇ ಇಲ್ಲದ ಗುಡಿಸಲಿನವನು ಸೋರುವ ಮಾಡಿನ ಕೆಳಗೆ ತಟ್ಟೆ ಇಟ್ಟು ಕೂರುತ್ತಾನೆ. ಹಂಪಿಯಲ್ಲಿ ಏನಾಯಿತು ನೋಡಿ. 1986ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2011ರ ಜುಲೈಯಲ್ಲಿ ವಿರೂಪಾಕ್ಷ ದೇವಸ್ಥಾನದ ಎದುರಿನ ಬಜಾರಿನಲ್ಲಿ ಬದುಕು ಮಾಡಿಕೊಂಡಿದ್ದವರ ಮನೆ ಅಂಗಡಿಗಳನ್ನು ಯಂತ್ರ ತಂದು ಕೆಡವಿದರು. ಸತ್ತ ರಾಜರ ಬಜಾರು ಚಂದ ಕಾಣಬೇಕು ಅಂತ ಬದುಕಿದ್ದವರ ಬಜಾರು ಹೋಯಿತು. ನಾಳೆ ನಮ್ಮ ಕಡೆಯ ಯಾವುದೋ ಪೇಟೆಗೆ 'ಪಾರಂಪರಿಕ' ಎಂಬ ಬೋರ್ಡು ಬಂದರೆ ಮೊದಲು ಏಳಿಸುವುದು ಯಾರನ್ನು? ಅಂಗಡಿ ಸಾಲಿನ ಯಜಮಾನರನ್ನಂತೂ ಅಲ್ಲ.

ಹಾಗಾದರೆ ನಮಗೆ ಏನು ಬೇಕು? ಸಭೆಗಳಲ್ಲಿ ಚರ್ಚೆಯಾಗಲಿ ಎಂದು ನಾಲ್ಕು ಮಾತು ಮುಂದಿಡುತ್ತೇನೆ.

ಒಂದು, ಹಳೇಪೇಟೆಯ ಪ್ರತಿ ಬೋರ್ಡಿನಲ್ಲೂ ಕಟ್ಟಿಸಿದವನ ಹೆಸರಿನ ಕೆಳಗೆ ಕಟ್ಟಿದವರ ಕಸುಬು ಬರಬೇಕು. ಕಲ್ಲು ಕಡಿದವರು, ಸುಣ್ಣ ಸುಟ್ಟವರು, ಮೂಟೆ ಹೊತ್ತವರು. ಹೆಸರು ಕಳೆದುಹೋಗಿದೆ, ಕೆಲಸ ಕಳೆದುಹೋಗಿಲ್ಲ.

ಎರಡು, ಪರಂಪರೆಯ ಗಡಿ ಎಳೆಯುವಾಗ ಕೇರಿಯನ್ನು ಹೊಲಸು ಎಂದು ಗೆರೆಯ ಹೊರಗೆ ಹಾಕಬಾರದು. ಒಳಗೆ ಸೇರಿಸಿ ಆಮೇಲೆ ಎಬ್ಬಿಸಲೂಬಾರದು. ಮೊದಲು ಹಕ್ಕುಪತ್ರ, ನೀರು, ಪಾಯಖಾನೆ. ಪ್ರವಾಸಿಗಳಿಗೆ ಹೂಕುಂಡ ಆಮೇಲೆ.

ಮೂರು, ಹಳೇ ಕಟ್ಟಡಗಳ ದುರಸ್ತಿಗೆ ಸಿಮೆಂಟು ಆಗಿಬರುವುದಿಲ್ಲ, ಸುಣ್ಣದ ಗಾರೆಯೇ ಬೇಕು ಎಂದು ಈಗ ದೊಡ್ಡ ಇಂಜಿನಿಯರುಗಳೇ ಹೇಳುತ್ತಿದ್ದಾರೆ. ಚಿಪ್ಪು ಎಷ್ಟು ಹೊತ್ತು ಬೇಯಬೇಕು, ಬೆಂದದ್ದು ಬಣ್ಣದಲ್ಲಿ ಹೇಗೆ ಗೊತ್ತಾಗುತ್ತದೆ ಎನ್ನುವ ವಿದ್ಯೆ ಯಾರ ಕೈಯಲ್ಲಿದೆ? ನಮ್ಮ ಮುದುಕಿಯರ ಕೈಯಲ್ಲಿ. ಆ ವಿದ್ಯೆಗೆ ದಿನಗೂಲಿ ಕೊಟ್ಟು ಕೈ ತೊಳೆದುಕೊಳ್ಳಬಾರದು, ಮೇಷ್ಟರ ಸಂಬಳ ಕೊಡಬೇಕು. ಅಲ್ಲಿ ಕಾವಲುಗಾರ, ಮಾರ್ಗದರ್ಶಿಗಳ ಕೆಲಸ ಕೇರಿಯ ಓದಿದ ಹುಡುಗ ಹುಡುಗಿಯರಿಗೆ ಸಿಗಬೇಕು.

ನಾಲ್ಕನೆಯದು ಸರಕಾರಕ್ಕಲ್ಲ, ನಿಮಗೆ. ರಜೆಗೆ ಮನೆಗೆ ಹೋದಾಗ ಒಂದು ನೋಟುಬುಕ್ಕು ಒಯ್ಯಿರಿ. ಅಜ್ಜ ಅಜ್ಜಿಯ ಹತ್ತಿರ ಕೂತು ಕೇಳಿ: ಪೇಟೆಗೆ ಯಾವ ದಾರಿಯಲ್ಲಿ ಹೋಗುತ್ತಿದ್ದಿರಿ? ಯಾವ ಬೀದಿಗೆ ಬರಬಾರದಿತ್ತು? ಎಲ್ಲಿ ನಿಲ್ಲುತ್ತಿದ್ದಿರಿ? ತಲೆಮೇಲೆ ಏನಿತ್ತು? ಬಾಯಾರಿದರೆ ನೀರು ಯಾರು ಕೊಟ್ಟರು, ಹೇಗೆ ಕೊಟ್ಟರು? ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ. ತಿದ್ದಬೇಡಿ. ಸಂಸ್ಕೃತ ಹಾಕಿ ಚಂದ ಮಾಡಬೇಡಿ. ಒಂದು ಕೇರಿಗೆ ಒಂದು ಪುಟ ಆದರೂ ನಮ್ಮದೇ ಒಂದು ಗೆಜೆಟಿಯರು ಆಗುತ್ತದೆ. ಬೇಗ ಮಾಡಿ, ಯಾಕೆಂದರೆ ಆ ಮುದುಕರು ನಮಗಾಗಿ ಬಹಳ ದಿನ ಕಾಯುವುದಿಲ್ಲ. ನನ್ನ ಅಜ್ಜಿಯೂ ಕಾಯಲಿಲ್ಲ. ಅವಳ ಹತ್ತಿರ ನಾನು ಕೇಳಿದ್ದು ಒಂದೇ ಪ್ರಶ್ನೆ. ಕೇಳದೆ ಉಳಿದದ್ದು ನೂರು.

ಆವತ್ತು ಭಟ್ಕಳದಿಂದ ಹೊರಡುವಾಗ ಗಾರೆಯ ಆ ಚೂರನ್ನು ಕಿಸೆಗೆ ಹಾಕಿಕೊಳ್ಳೋಣ ಅನ್ನಿಸಿತು. ಹಾಕಿಕೊಳ್ಳಲಿಲ್ಲ. ಇದ್ದ ಜಾಗದಲ್ಲೇ, ಗೋಡೆಯ ಬುಡದಲ್ಲಿ ಇಟ್ಟು ಬಂದೆ. ಸಾಕ್ಷಿ ಅಲ್ಲೇ ಇರಲಿ. ನಾವು ಮತ್ತೆ ಅಲ್ಲಿಗೆ ಹೋಗುವವರಿದ್ದೇವೆ, ಈ ಸಲ ಮೂವರಲ್ಲ, ಕೇರಿ ಕೇರಿಯಿಂದ. ಹೊರಗೆ ನಿಂತು ಕೂಗುವುದಕ್ಕಲ್ಲ. ಲೆಕ್ಕದ ಪುಸ್ತಕ ತೆಗೆಸುವುದಕ್ಕೆ.

ಜೈ ಭೀಮ್.